ಹನ್ನೊಂದು ಗಂಟೆಗೆ ಒಡೆಯಬೇಕಾದ ಲಕೋಟೆ

ಜನವರಿ 9

ಅಕ್ಕಾ,

ಬೆಟ್ಟ ಹತ್ತಿ ಇವತ್ತಿಗೆ ಹನ್ನೆರಡು ದಿನ. ಒಂದು ಫೋನೂ ಮಾಡಲಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರುತ್ತೀಯೆಂದು ಗೊತ್ತು. ಇಲ್ಲಿಗೆ ಮೊಬೈಲು ತರುವಂತಿಲ್ಲ ಎಂದು ಹೊರಡುವಾಗಲೇ ಹೇಳಿದ್ದೆ. ನೀನು ಅದು ನನ್ನ ಸೋಮಾರಿತನದ ನೆಪ ಎಂದುಕೊಂಡೆ. ನಿನ್ನಾಣೆ, ನಿಜ. ನಮ್ಮ ದೂರದರ್ಶಕಗಳು ಕಣ್ಣಿಟ್ಟು ನೋಡುವಂಥವಲ್ಲ, ಕಿವಿಗೊಟ್ಟು ಕೇಳುವಂಥವು. ಆಕಾಶದಿಂದ ಬರುವ ರೇಡಿಯೋ ಅಲೆ ಎಷ್ಟು ಕ್ಷೀಣವೆಂದರೆ ಅದನ್ನು ಮುಳುಗಿಸಲು ಒಂದು ಮೊಬೈಲು ಸಾಕು. ಅಡುಗೆಮನೆಯಲ್ಲಿ ಮೈಕ್ರೋವೇವ್ ಇಲ್ಲ, ಕಂಪ್ಯೂಟರುಗಳೆಲ್ಲ ತಗಡು ಹೊದಿಸಿದ ಕೋಣೆಯೊಳಗೆ, ಪೆಟ್ರೋಲ್ ಗಾಡಿಗಳು ಗೇಟಿನಿಂದ ಈಚೆಗೆ ಬರುವಂತಿಲ್ಲ. ಗೇಟಿನ ಮನೆಯಲ್ಲಿ ತಂತಿಯ ಫೋನು ಒಂದಿದೆ, ಅದೂ ತೀರಾ ಅಗತ್ಯವಿದ್ದಾಗ ಮಾತ್ರ. ಶನಿವಾರ ದಿನಸಿ ತರುವ ಗಾಡಿಯಲ್ಲೇ ಅಂಚೆ ಬರುತ್ತದೆ, ಹೋಗುತ್ತದೆ. ಹಾಗಾಗಿ ಇನ್ನು ಮೇಲೆ ನೀನು ನನ್ನನ್ನು ಬೈಯಬೇಕೆಂದರೆ ಬರೆದೇ ಬೈಯಬೇಕು.

ಈಗ ಕೆಲಸದ ಮಾತು. ನಿನ್ನಿಂದ ಒಂದು ಉಪಕಾರ ಆಗಬೇಕು.

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದನ್ನು ನಾವಿಲ್ಲಿ ಅಳೆಯುತ್ತಿದ್ದೇವೆ. ಒಂದು ಗೆಲಾಕ್ಸಿ ಎಷ್ಟು ವೇಗವಾಗಿ ದೂರ ಸರಿಯುತ್ತಿದೆ ಎಂದು ಹೇಳುವುದು ಸುಲಭ. ಅದು ಎಷ್ಟು ದೂರದಲ್ಲಿದೆ ಎಂದು ಹೇಳುವುದೇ ಕಷ್ಟ. ಒಂದು ಪಕ್ಷದವರಿಗೆ ಅರವತ್ತೇಳು ಎಂಬ ಉತ್ತರ ಬಂದಿದೆ, ಇನ್ನೊಂದು ಪಕ್ಷಕ್ಕೆ ಎಪ್ಪತ್ತಮೂರು. (ಏನು ಅರವತ್ತೇಳು ಎಂದು ಕೇಳಬೇಡ, ಅದು ನಮ್ಮ ಅಳತೆಯ ಮಾತು.) ಈಗ ನಾವು ಅಳೆಯಬೇಕು. ಆದರೆ ಮನಸ್ಸಿನಲ್ಲಿ ಒಂದು ಉತ್ತರ ಇಟ್ಟುಕೊಂಡು ಅಳೆದರೆ ಕೈ ಆ ಕಡೆಗೇ ಜಾರುತ್ತದೆ. ಬೇಕಾದ ಉತ್ತರ ಬಂದ ಕೂಡಲೇ ತಪ್ಪು ಹುಡುಕುವುದನ್ನು ನಿಲ್ಲಿಸಿಬಿಡುತ್ತೇವೆ. ಅದಕ್ಕೆ ನಮ್ಮ ಮುಖ್ಯಸ್ಥೆ ಒಂದು ನಿಯಮ ಮಾಡಿದ್ದಾರೆ. (ಬೆನ್ನ ಹಿಂದೆ ನಾವು ಅವರನ್ನು ಬೆತ್ತ ಅನ್ನುತ್ತೇವೆ.) ಎಲ್ಲ ದೂರಗಳನ್ನೂ ಒಂದು ಗುಟ್ಟಿನ ಸಂಖ್ಯೆಯಿಂದ ಗುಣಿಸಿ, ನಿಜವಾದ ಉತ್ತರ ನಮಗೇ ಕಾಣದಂತೆ ಮರೆಮಾಡಿಬಿಡುವುದು. ಎಲ್ಲ ಪರೀಕ್ಷೆ ಮುಗಿದು, ಇನ್ನು ಏನನ್ನೂ ಬದಲಿಸುವುದಿಲ್ಲ ಎಂದು ಎಲ್ಲರೂ ಸಹಿ ಹಾಕಿದ ಮೇಲೆ ಮಾತ್ರ ಆ ಸಂಖ್ಯೆಯನ್ನು ಹೊರಗೆ ತೆಗೆಯುವುದು. ಅದರ ಒಂದು ಪ್ರತಿ ನಿರ್ದೇಶಕರ ಕಪಾಟಿನಲ್ಲಿ. ಇನ್ನೊಂದು ಈ ಬೆಟ್ಟಕ್ಕೆ ಸಂಬಂಧವೇ ಇಲ್ಲದ, ಕುತೂಹಲ ತಡೆದುಕೊಳ್ಳಬಲ್ಲ ಒಬ್ಬರ ಕೈಯಲ್ಲಿ.

"ಅಂಥವರು ಯಾರಾದ್ರೂ ಇದಾರಾ?" ಎಂದರು ಬೆತ್ತ. "ನಮ್ಮಕ್ಕ ಇದಾಳೆ" ಎಂದೆ. ಲಕೋಟೆ ಇದರ ಜೊತೆಗಿದೆ. ನಾನು ಹೇಳುವವರೆಗೂ ತೆರೆಯಬಾರದು.

ನಿನ್ನ ಗುಬ್ಬಿ


ಜನವರಿ 22

ಗುಬ್ಬೀ,

ಲಕೋಟೆ ತಲುಪಿತು. ಅರಗಿನ ಮುದ್ರೆ ಸರಿಯಾಗಿ ಬಿದ್ದಿಲ್ಲ, ಬಲಗಡೆ ಸ್ವಲ್ಪ ಹರಡಿದೆ. ನಿನ್ನ ಬೆತ್ತಕ್ಕೆ ಹೇಳು. ಇಪ್ಪತ್ತಾರು ವರ್ಷದಿಂದ ಅಂಗಡಿಗಳ ತಕ್ಕಡಿಗೆ ಮುದ್ರೆ ಹಾಕಿಕೊಂಡು ಬಂದವಳು ನಾನು. ಮುದ್ರೆ ಹಾಕುವುದು ನನ್ನ ಕೆಲಸ, ಒಡೆಯುವುದಲ್ಲ. ನಿಮ್ಮ ಲಕೋಟೆಯನ್ನು ನನ್ನ ಹಿತ್ತಾಳೆ ತೂಕದ ಕಲ್ಲುಗಳ ಪೆಟ್ಟಿಗೆಯಲ್ಲಿ, ಐದು ಕಿಲೋ ಕಲ್ಲಿನ ಕೆಳಗೆ ಇಟ್ಟಿದ್ದೇನೆ. ಅಲ್ಲಿಂದ ಅದನ್ನು ಎಬ್ಬಿಸುವವರು ಯಾರೂ ಇಲ್ಲ.

ನಿಮ್ಮ ನಿಯಮ ನನಗೆ ತಟ್ಟನೆ ಅರ್ಥವಾಯಿತು. ನಾನು ಬರುತ್ತೇನೆಂದು ಮೊದಲೇ ಗೊತ್ತಾದರೆ ಯಾವ ಅಂಗಡಿಯವನ ತಕ್ಕಡಿಯೂ ತಪ್ಪಿರುವುದಿಲ್ಲ. ಹಣ್ಣಿನಂಗಡಿಯವನೊಬ್ಬ ಕಳೆದ ವಾರ ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿ ಸಿಕ್ಕಿಬಿದ್ದ. "ಅಮ್ಮಾ, ಅದು ಹೇಗೆ ಬಂತೋ ದೇವರಿಗೇ ಗೊತ್ತು" ಎಂದ. "ದೇವರಿಗೆ ಗೊತ್ತಿರೋದನ್ನ ನಾನು ಬರ್ಕೊಳ್ತೀನಿ, ಸಹಿ ಹಾಕಪ್ಪ" ಎಂದೆ.

ಒಂದು ಅನುಮಾನ. ವಿಶ್ವ ಹಿಗ್ಗುತ್ತಿದೆ ಎನ್ನುತ್ತೀಯಲ್ಲ, ಹಾಗಾದರೆ ನನ್ನ ಒಂದು ಮೀಟರಿನ ಉಕ್ಕಿನ ಕೋಲೂ ಹಿಗ್ಗಬೇಕಲ್ಲ? ಆಗ ನಾನು ಇಷ್ಟು ವರ್ಷ ಮುದ್ರೆ ಹಾಕಿದ್ದೆಲ್ಲ ಸುಳ್ಳಾಯಿತಲ್ಲ?

ನಿನ್ನ ಭಾವ ಲಾರಿ ತೆಗೆದುಕೊಂಡು ಹೋಗಿ ಹತ್ತು ದಿನವಾಯಿತು, ಬರುವುದು ಇನ್ನೊಂದು ವಾರ. ಮಾರ್ಚ್ ತಿಂಗಳಿಗೆ ನಮ್ಮಲ್ಲಿ ವರ್ಗಾವಣೆಯ ಲಕೋಟೆಗಳು ಬರುತ್ತವೆ. ಈ ಸಲ ನನ್ನ ಸರದಿ ಎಂದು ಕಚೇರಿಯಲ್ಲಿ ಗುಸುಗುಸು. ಬಂದಾಗ ನೋಡೋಣ.

ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ ಅಕ್ಕ


ಫೆಬ್ರವರಿ 7

ಅಕ್ಕಾ,

ನಿನ್ನ ಪ್ರಶ್ನೆಯನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಬೆತ್ತ ನಕ್ಕಿದ್ದನ್ನು ನಾವು ಮೊದಲ ಸಲ ನೋಡಿದೆವು. "ನಿಮ್ಮ ಅಕ್ಕ ಕೇಳಿರೋದು ಸರಿಯಾದ ಪ್ರಶ್ನೆ, ನೀವ್ಯಾರೂ ಕೇಳ್ಲಿಲ್ಲ" ಎಂದರು.

ನಿನ್ನ ಕೋಲು ಹಿಗ್ಗುವುದಿಲ್ಲ. ಅದರೊಳಗಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ಭೂಮಿ ಚಂದ್ರನನ್ನು ಗುರುತ್ವದಿಂದ ಹಿಡಿದುಕೊಂಡಿದೆ, ಸೂರ್ಯ ಭೂಮಿಯನ್ನು ಹಿಡಿದುಕೊಂಡಿದೆ, ನಮ್ಮ ಪಕ್ಕದ ದೊಡ್ಡ ಗೆಲಾಕ್ಸಿಯಂತೂ ನಮ್ಮ ಕಡೆಗೇ ಬರುತ್ತಿದೆ. ಹಿಗ್ಗುವುದು, ಈ ಹಿಡಿತ ಎಟುಕದಷ್ಟು ದೂರದವರ ನಡುವಿನ ಜಾಗ ಮಾತ್ರ. ಹತ್ತಿರ ಹಿಡಿದುಕೊಂಡವರನ್ನು ವಿಶ್ವ ಬಿಡಿಸಲಾರದು. ನಿನ್ನ ಮುದ್ರೆಗಳೆಲ್ಲ ಸುರಕ್ಷಿತ.

ಇಲ್ಲಿ ನನ್ನ ಕೋಣೆಯ ಕಿಟಕಿಗೆ ಮೂರನೆಯ ಬುಟ್ಟಿ ಕಾಣುತ್ತದೆ. (ಆಕಾಶಕ್ಕೆ ಬಾಯಿ ತೆರೆದ ನಮ್ಮ ದೂರದರ್ಶಕಗಳನ್ನು ಬುಟ್ಟಿ ಅನ್ನುತ್ತೇವೆ.) ಅಷ್ಟು ದೊಡ್ಡ ಬುಟ್ಟಿ ಸದ್ದಿಲ್ಲದೆ ತಿರುಗುವುದನ್ನು ನೋಡುತ್ತಾ ಚಹಾ ಕುಡಿಯುತ್ತೇನೆ. ನಮ್ಮ ಕೆಲಸಕ್ಕೆ ಹಗಲಾದರೇನು, ರಾತ್ರಿಯಾದರೇನು; ಪಾಳಿ ಇದೆ, ಅಷ್ಟೇ. ಕೆಳಗಿನ ಕಚೇರಿಯಲ್ಲಿದ್ದಾಗ ಶುರುವಾದ ನನ್ನ ಮೂರು ವರ್ಷದ ಒಪ್ಪಂದ ಈ ಸೆಪ್ಟೆಂಬರಿಗೆ ಮುಗಿಯುತ್ತದೆ. ಈ ಅಳತೆ ಗಟ್ಟಿಯಾಗಿ ನಿಂತರೆ ಕಾಯಂ ಮಾಡುತ್ತಾರೆ ಎಂಬ ಮಾತಿದೆ. ಆಮೇಲೆ ಎರಡು ತಿಂಗಳು ರಜ ಹಾಕಿ ಬಂದು ನಿನ್ನ ತಲೆ ತಿನ್ನುತ್ತೇನೆ. ಅಮ್ಮ ಹೋದಾಗ ನನಗೆ ಏಳು, ನಿನಗೆ ಹತ್ತೊಂಬತ್ತು. ಆವತ್ತಿನಿಂದ ನೀನು ಒಂದು ದಿನವೂ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಆ ಎರಡು ತಿಂಗಳು ನೀನು ಕೂರಬೇಕು, ನಾನು ಅಡುಗೆ ಮಾಡಬೇಕು. ಭಾವ ಹೊರಗೆ ತಿಂದುಕೊಳ್ಳಲಿ.

ಗುಬ್ಬಿ


ಮಾರ್ಚ್ 3

ಗುಬ್ಬೀ,

ನಗುವ ಸುದ್ದಿಯೊಂದು. ಮೊನ್ನೆ ಗೋದಾಮಿನ ದೊಡ್ಡ ತಕ್ಕಡಿ ಪರೀಕ್ಷೆಗೆ ಹೋಗಿದ್ದೆ. ವಾಡಿಕೆಯಂತೆ ಮೊದಲು ನಾನೇ ಹತ್ತಿ ನಿಂತೆ. ಅಕ್ಟೋಬರಿನಲ್ಲಿ ಅದೇ ತಕ್ಕಡಿ ನನ್ನನ್ನು ಅರವತ್ತೊಂದು ಕಿಲೋ ಎಂದಿತ್ತು, ಈಗ ಐವತ್ತನಾಲ್ಕು ಎನ್ನುತ್ತದೆ. ತಕ್ಕಡಿ ಕೆಟ್ಟಿದೆ ಎಂದು ದೊಡ್ಡ ದನಿಯಲ್ಲಿ ಹೇಳಿ ಗೋದಾಮಿನವನ ಮುಖ ಕಪ್ಪಾಗಿಸಿದೆ. ಪೆಟ್ಟಿಗೆಯ ಕಲ್ಲುಗಳನ್ನೆಲ್ಲ ಒಂದೊಂದಾಗಿ ಇಟ್ಟು ನೋಡಿದೆ. ತಕ್ಕಡಿ ಕೂದಲೆಳೆಯಷ್ಟೂ ತಪ್ಪಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ. ಅವನ ಕ್ಷಮೆ ಕೇಳಿ ಮುದ್ರೆ ಹಾಕಿ ಬಂದೆ.

ಇನ್ನೊಂದು ವಿಷಯ. ನನಗೂ ಒಂದು ಲಕೋಟೆ ಬಂದಿದೆ. ನಿನ್ನದರ ಹಾಗೇ ಮುಚ್ಚಿದ್ದು. ಒಳಗೇನಿದೆಯೋ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ಎರಡರಲ್ಲಿ ಒಂದು ಇರುತ್ತದೆ. ಇವತ್ತು ಬೆಳಿಗ್ಗೆ ಕತ್ತರಿ ತೆಗೆದುಕೊಂಡು ಮೇಜಿನ ಮುಂದೆ ಕೂತೆ. ಅಂಚಿಗೆ ಕತ್ತರಿ ಇಟ್ಟದ್ದೂ ಆಯಿತು. ಆಮೇಲೆ ನೀನು ಹೇಳಿದ್ದು ನೆನಪಾಯಿತು, ಮನಸ್ಸಿನಲ್ಲಿ ಒಂದು ಉತ್ತರ ಇಟ್ಟುಕೊಂಡು ನೋಡಬಾರದು ಅಂತ. ನನ್ನ ಮನಸ್ಸಿನಲ್ಲಂತೂ ಒಂದೇ ಉತ್ತರ ಕೂತಿದೆ.

ನಿಮ್ಮ ಕಡೆಯವರಾಗಿದ್ದರೆ ಏನು ಮಾಡುತ್ತಿದ್ದರು? ಬೇಗ ಬರೆ. ನೀನು ತೆರೆ ಎಂದರೆ ಆವತ್ತೇ ತೆರೆಯುತ್ತೇನೆ.

ಅಕ್ಕ


ಮಾರ್ಚ್ 15

ಅಕ್ಕಾ, ಅಕ್ಕಾ, ಅಕ್ಕಾ,

ತೆರೆಯಬೇಡ! ಕತ್ತರಿಯನ್ನು ಮೊದಲು ಡ್ರಾಯರಿಗೆ ಹಾಕು!

ವರ್ಗಾವಣೆ ಆದೇಶ ಓದಿದರೆ ತಾನೇ ಜಾರಿಗೆ ಬರುವುದು? ಮುಚ್ಚಿದ ಲಕೋಟೆಯಲ್ಲಿರುವವರೆಗೆ ನೀನು ಎಲ್ಲಿಗೂ ಹೋಗಬೇಕಾಗಿಲ್ಲ. ನಾನು ನಿನ್ನ ವಕೀಲೆ. "ಅಂಚೆ ತಡವಾಯ್ತು ಸಾರ್" ಅಂದುಬಿಡು. ಯಾರೇನು ಮಾಡುತ್ತಾರೆ? ಇಪ್ಪತ್ತಾರು ವರ್ಷ ಮಾತು ಕೇಳಿದವಳು ಒಂದು ಸಲ ಕಿವುಡಿಯಾದರೆ ಆಕಾಶ ಕಳಚಿ ಬೀಳುವುದಿಲ್ಲ; ನಾನು ದಿನಾ ನೋಡುತ್ತಿದ್ದೇನಲ್ಲ, ಬೀಳುತ್ತಿಲ್ಲ.

ಒಂದು ಒಪ್ಪಂದ ಮಾಡಿಕೊಳ್ಳೋಣ. ನಮ್ಮ ಲಕೋಟೆ, ನಿನ್ನ ಲಕೋಟೆ, ಎರಡನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಒಡೆಯುವುದು. ಅಲ್ಲಿಯವರೆಗೆ ನಿನ್ನದೂ ಆ ಐದು ಕಿಲೋ ಕಲ್ಲಿನ ಕೆಳಗೇ ಇರಲಿ. ತಾಳಿದವನು ಬಾಳಿಯಾನು. ಏಪ್ರಿಲ್ ಕೊನೆಗೆ ನಮ್ಮ ಪರೀಕ್ಷೆಗಳು ಮುಗಿಯುತ್ತವೆ, ಅಬ್ಬಬ್ಬಾ ಎಂದರೆ ಆರು ವಾರ.

ಏಳು ಕಿಲೋ ಇಳಿದದ್ದು ಕೇಳಿ ಹೊಟ್ಟೆ ಉರಿಯಿತು. ಇಲ್ಲಿನ ತಣ್ಣಗಿನ ಆಲೂಗಡ್ಡೆ ತಿಂದು ನಾನು ಊದಿದ್ದೇನೆ. ನಿನ್ನ ಏಳು ಕಿಲೋ ಎಲ್ಲಿಗೆ ಹೋಯಿತೆಂದು ಹುಡುಕಬೇಡ, ನನ್ನ ಹತ್ತಿರ ಇದೆ.

ಗುಬ್ಬಿ


ಏಪ್ರಿಲ್ 2

ಗುಬ್ಬೀ,

ಸರಿ. ತೆರೆಯಲಿಲ್ಲ. ಎರಡೂ ಕಲ್ಲಿನ ಕೆಳಗಿವೆ.

ನಿನ್ನ ಕಾಗದ ಓದಿ ತುಂಬಾ ನಕ್ಕೆ. ನೆಮ್ಮದಿಯೂ ಆಯಿತು. ನನಗೆ ಬೇಕಾಗಿದ್ದದ್ದು ಇಷ್ಟೇ, ಯಾರಾದರೂ ಬೇಡ ಎನ್ನುವುದು. ಆವತ್ತು ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಭಾವ ಬಂದು ಹೋದರು. ನಾನು ಬೇಸಿಗೆಯಲ್ಲೂ ಸ್ಕಾರ್ಫ್ ಸುತ್ತಿಕೊಂಡಿರುವುದನ್ನು ನೋಡಿ, "ಏನಿದು ಫ್ಯಾಷನ್ನು?" ಎಂದರು. ಅಧಿಕಾರಿ ಎಂದರೆ ಹೀಗೇ ಇರಬೇಕು ಎಂದೆ. ಇಪ್ಪತ್ತು ವರ್ಷದ ಹಿಂದೆ ವೇ ಬ್ರಿಡ್ಜಿನ ಮೇಲೆ ಹೆಚ್ಚು ಭಾರಕ್ಕೆ ಇವರ ಲಾರಿ ಹಿಡಿದಾಗಲೂ ಇಷ್ಟೇ ಮುಗ್ಧವಾಗಿ ಪ್ರಶ್ನೆ ಕೇಳಿದ್ದರು. ಆಗಲೂ ನಾನು ಉತ್ತರ ಕೊಡದೆ ರಸೀದಿ ಕೊಟ್ಟೆ.

ವಿಶ್ವ ಹಿಗ್ಗುವುದು ನಮ್ಮ ಕಚೇರಿಯ ಮೆಟ್ಟಿಲಿನಿಂದ ಶುರುವಾಗಿದೆ ಎಂದು ನಿನ್ನ ಬೆತ್ತಕ್ಕೆ ತಿಳಿಸು. ಇಪ್ಪತ್ತೆರಡು ಇದ್ದದ್ದು ಈಗ ನಲವತ್ತರ ಹಾಗೆ ಅನ್ನಿಸುತ್ತದೆ.

ಅಕ್ಕ


ಮೇ 10

ಅಕ್ಕಾ,

ಬೈಯಬೇಡ. ನಮ್ಮ ದಿನ ಮುಂದಕ್ಕೆ ಹೋಯಿತು.

ಆರನೆಯ ಬುಟ್ಟಿಯ ಗಡಿಯಾರ ಉಳಿದವಕ್ಕಿಂತ ಒಂದು ಚೂರು ಹಿಂದೆ ಓಡುತ್ತಿತ್ತಂತೆ. ಎಷ್ಟು ದಿನದಿಂದಲೋ ಯಾರಿಗೂ ಗೊತ್ತಿಲ್ಲ. ಅದು ಕೇಳಿದ್ದನ್ನೆಲ್ಲ ಬಿಟ್ಟು, ಇನ್ನೂರ ಹದಿನಾಲ್ಕು ಗೆಲಾಕ್ಸಿಗಳ ದೂರವನ್ನು ಮೊದಲಿಂದ ಲೆಕ್ಕ ಹಾಕಬೇಕು. ನನಗೆ ಅಳುವೇ ಬಂತು. ಬೆತ್ತ ಮಾತ್ರ ಖುಷಿಯಾಗಿದ್ದಾರೆ. "ಉತ್ತರ ಕಾಣ್ತಾ ಇದ್ದಿದ್ರೆ ಈ ತಪ್ಪು ನಿಮಗೆ ಸಿಗ್ತಾನೇ ಇರ್ಲಿಲ್ಲ. ಕಾಣದೆ ಇದ್ದದ್ದಕ್ಕೇ ಸಿಕ್ತು" ಎಂದರು. ಸರಿಯೇ. ಆದರೆ ಇನ್ನೂ ಎರಡು ತಿಂಗಳು ಕಾಯಬೇಕು.

ನಿನ್ನ ಆದೇಶದ ಬಗ್ಗೆ ಕಚೇರಿಯವರು ಗದರುತ್ತಿಲ್ಲ ತಾನೇ? ಗದರಿದರೆ ತೆರೆದುಬಿಡು, ನನಗಾಗಿ ಕಷ್ಟಕ್ಕೆ ಸಿಕ್ಕಿಕೊಳ್ಳಬೇಡ. ಇಲ್ಲವೆಂದರೆ ಒಪ್ಪಂದ ಒಪ್ಪಂದವೇ.

ಪೆನ್ನು ಬದಲಿಸಿದ್ದೀಯಾ? ಅಕ್ಷರ ತೆಳ್ಳಗಾಗಿದೆ. ಹಳೆಯದೇ ಚೆನ್ನಾಗಿತ್ತು.

ಗುಬ್ಬಿ


ಜೂನ್ 5

ಗುಬ್ಬೀ,

ಯಾರೂ ಗದರುತ್ತಿಲ್ಲ. ನೀನು ನಿಧಾನವಾಗಿ, ಸರಿಯಾಗಿ ಮಾಡು. ಅವಸರದಲ್ಲಿ ಹಾಕಿದ ಮುದ್ರೆ ನಿಲ್ಲುವುದಿಲ್ಲ.

ಪೆನ್ನು ಅದೇ.

ಕಚೇರಿಗೆ ಎರಡು ವಾರದಿಂದ ಹೋಗಿಲ್ಲ, ನೆಗಡಿ ಕೆಮ್ಮು. ಕಿಟಕಿ ಪಕ್ಕ ಮಲಗಿ ನಿನ್ನ ಹಳೆಯ ಕಾಗದಗಳನ್ನು ಓದುತ್ತೇನೆ. ಹತ್ತಿರ ಹಿಡಿದುಕೊಂಡವರನ್ನು ವಿಶ್ವ ಬಿಡಿಸಲಾರದು ಎಂದು ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದಿದೆ. ದೂರದವರ ಕಥೆ ಏನು ಎಂದು ಯೋಚನೆಯಾಯಿತು. ಈಗ ಹೊರಟರೂ ತಲುಪಲಾಗದಷ್ಟು ತಡವಾಗಿಬಿಡುವುದು ಎಂದು ನಿಮ್ಮಲ್ಲಿ ಇದೆಯಾ? ಹಾಗೆ ಆಗಿದ್ದರೆ ನೋಡುವವರಿಗೆ ಅದು ಗೊತ್ತಾಗುತ್ತದೆಯಾ?

ಸುಮ್ಮನೆ ಕೇಳಿದೆ.

ಅಕ್ಕ


ಜುಲೈ 5

ಅಕ್ಕಾ,

ಎಂಥ ಪ್ರಶ್ನೆ ಕೇಳಿದೆ! ನೀನು ತಪ್ಪಿ ತಕ್ಕಡಿಗಳ ಕಡೆಗೆ ಹೋದೆ, ನನ್ನ ಜಾಗದಲ್ಲಿ ನೀನು ಇರಬೇಕಿತ್ತು.

ಖಂಡಿತ ಇದೆ. ಒಂದು ಎಲ್ಲೆ ಇದೆ. ಅದರಾಚೆಯ ಗೆಲಾಕ್ಸಿಯಿಂದ ಇವತ್ತು ಹೊರಟ ಬೆಳಕು ನಮ್ಮನ್ನು ಎಂದೆಂದಿಗೂ ತಲುಪುವುದಿಲ್ಲ, ನಡುವಿನ ಜಾಗ ಅದಕ್ಕಿಂತ ಬೇಗ ಬೆಳೆಯುತ್ತಿರುತ್ತದೆ. ಬೆಳಕಿನದೇನೂ ತಪ್ಪಿಲ್ಲ, ಹೊರಟದ್ದು ತಡವಾಯಿತು, ಅಷ್ಟೇ. ಸೋಜಿಗವೆಂದರೆ ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ. ಆ ಗೆಲಾಕ್ಸಿಯಿಂದ ಬಹಳ ಹಿಂದೆ ಹೊರಟ ಬೆಳಕು ಇನ್ನೂ ಬರುತ್ತಲೇ ಇರುತ್ತದೆ. ಎಲ್ಲ ಸರಿಯಾಗಿದೆ ಎಂದುಕೊಂಡು ನಾವು ನೋಡುತ್ತಲೇ ಇರುತ್ತೇವೆ. ಇದನ್ನು ಹೊಸದಾಗಿ ಬಂದವರಿಗೆ ಪಾಠ ಮಾಡುವಾಗ ಹೇಳುತ್ತೇನೆ, ಎಲ್ಲರೂ ಬಾಯಿ ತೆರೆದು ಕೇಳುತ್ತಾರೆ.

ದಿನ ಗೊತ್ತಾಯಿತು! ಜುಲೈ 28, ಸೋಮವಾರ, ಬೆಳಿಗ್ಗೆ ಹನ್ನೊಂದು. ಆವತ್ತು ಮಾತ್ರ ಗೇಟಿನ ಮನೆಯ ಫೋನು ಬಳಸಲು ಬೆತ್ತ ಅಪ್ಪಣೆ ಕೊಡಿಸಿದ್ದಾರೆ. ಸಂಖ್ಯೆಯನ್ನು ಕೆಳಗೆ ಬರೆದಿದ್ದೇನೆ. ಹನ್ನೊಂದಕ್ಕೆ ಸರಿಯಾಗಿ ಮುದ್ರೆ ಒಡೆದು ಫೋನಿನಲ್ಲಿ ಓದಿ ಹೇಳು. ಆಮೇಲೆ ನಿನ್ನದನ್ನು ಒಡೆ. ಎಲ್ಲಿಗೆ ಹಾಕಿದ್ದಾರೆಂದು ನನಗೂ ಹೇಳು. ದೂರದ ಊರಾದರೆ ನಾನೇ ಬಂದು ಮೂಟೆ ಕಟ್ಟುತ್ತೇನೆ.

ನೆಗಡಿ ಹೋಯಿತಾ?

ಗುಬ್ಬಿ


ಜುಲೈ 29

ಅಕ್ಕಾ,

ನಿನ್ನೆ ನೀನು ಫೋನು ಮಾಡಿದಾಗ ನಾವು ಹದಿನೇಳು ಜನ ಆ ಸಣ್ಣ ಗೇಟಿನ ಮನೆಯಲ್ಲಿ ಒತ್ತೊತ್ತಾಗಿ ನಿಂತಿದ್ದೆವು. ನೀನು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದ್ದು, ಕೊನೆಯಲ್ಲಿ "ಮುದ್ರೆ ಭದ್ರವಾಗಿತ್ತು, ನನ್ನ ಮುಂದೆ ಒಡೆಯಲಾಗಿದೆ" ಎಂದು ಕಚೇರಿಯ ದನಿಯಲ್ಲಿ ಸೇರಿಸಿದ್ದು ಕೇಳಿ ಬೆತ್ತ ನನ್ನ ಕಡೆ ತಿರುಗಿ, "ಇವರನ್ನ ಕೆಲಸಕ್ಕೆ ತಗೋಬಹುದಿತ್ತು" ಎಂದರು. ನಿರ್ದೇಶಕರ ಪ್ರತಿಗೂ ನಿನ್ನದಕ್ಕೂ ಚುಕ್ಕೆಯಷ್ಟೂ ವ್ಯತ್ಯಾಸವಿಲ್ಲ.

ಉತ್ತರ ಏನು ಬಂತು ಗೊತ್ತಾ? ಎಪ್ಪತ್ತು. ಆ ಅರವತ್ತೇಳಕ್ಕೂ ಈ ಎಪ್ಪತ್ತಮೂರಕ್ಕೂ ನಟ್ಟನಡುವೆ. ಯಾರು ಸರಿ ಎಂದು ಹೇಳಲು ಬರುವುದಿಲ್ಲ. ಇಷ್ಟೆಲ್ಲ ಕಾದು, ಎರಡು ಸಲ ಮಾಡಿ, ಕೈಗೆ ಬಂದದ್ದು ಒಂದು "ಇರಬಹುದು". ನನ್ನ ಕಾಯಂ ಕೆಲಸವೂ ಬಹುಶಃ ಒಂದು "ಇರಬಹುದು". ಆದರೂ ನಮ್ಮ ಅಳತೆ ಪ್ರಾಮಾಣಿಕ, ಅಕ್ಕಾ. ಯಾರ ಆಸೆಯೂ ಅದರಲ್ಲಿ ಬೆರೆತಿಲ್ಲ.

ನಿನ್ನ ದನಿ ಯಾಕೆ ಅಷ್ಟು ಒಡೆದಿತ್ತು? ನಿನ್ನದನ್ನು ಒಡೆದೆಯಾ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟೆ. ಎಲ್ಲಿಗೆ ವರ್ಗ? ಇವತ್ತೇ ಊರಿಗೆ ಇಳಿಯುವವರೊಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಶನಿವಾರದ ಗಾಡಿಗೆ ಉತ್ತರ ಬರಬೇಕು.

ಗುಬ್ಬಿ


ಆಗಸ್ಟ್ 3

ಗುಬ್ಬೀ,

ಕೂತುಕೊಂಡು ಓದು.

ನನ್ನ ಲಕೋಟೆಯನ್ನೂ ಆವತ್ತೇ ಒಡೆದೆ. ಅದು ವರ್ಗಾವಣೆಯದಲ್ಲ. ಚಳಿಗಾಲದಲ್ಲಿ ಕುತ್ತಿಗೆಯ ಬುಡದಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಫೆಬ್ರವರಿಯಲ್ಲಿ ಅದರಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ವರದಿ ಬಂದಾಗ ಡಾಕ್ಟರು ರಜೆಯ ಮೇಲಿದ್ದರು, ಲ್ಯಾಬಿನವರು ನನ್ನ ಕೈಗೇ ಕೊಟ್ಟರು. ಈಗ ಡಾಕ್ಟರಿಗೆ ತೋರಿಸಿದ್ದೇನೆ. ಅದು ಕೆಟ್ಟ ಗಂಟೇ. ಎದೆಯೊಳಕ್ಕೂ ಇಳಿದಿದೆ. ಮೊನ್ನೆ ಆಸ್ಪತ್ರೆಗೆ ಸೇರಿಸಿಕೊಂಡರು. ಔಷಧ ಏರಿಸುತ್ತಾರೆ, ಹೋದಷ್ಟು ದಿನ ಹೋಗುತ್ತದೆ.

ನೀನು ಈಗ ಏನು ಯೋಚಿಸುತ್ತಿದ್ದೀಯೆಂದು ನನಗೆ ಗೊತ್ತು. ಅದನ್ನು ತಲೆಯಿಂದ ತೆಗೆದುಹಾಕು. ಮಾರ್ಚ್‌ನಲ್ಲಿ ತೆರೆದಿದ್ದರೂ ಇಷ್ಟೇ ಆಗುತ್ತಿತ್ತೆಂದು ಡಾಕ್ಟರು ಹೇಳಿದರು. ಇನ್ನೊಂದು ಮಾತು, ನೀನು ಏನೇ ಬರೆದಿದ್ದರೂ ನಾನು ತೆರೆಯುತ್ತಿರಲಿಲ್ಲ. ನನಗೆ ತೆರೆಯುವ ಯೋಚನೆಯೇ ಇರಲಿಲ್ಲ. ಹೆದರಿಕೆ ನನ್ನದು, ನೆಪ ನನ್ನದು. ನಿನ್ನ ಪಾಲು ಇದರಲ್ಲಿ ಒಂದು ಗ್ರಾಮೂ ಇಲ್ಲ. ಮುದ್ರೆ ಹಾಕಿ ಕೊಡುತ್ತಿದ್ದೇನೆ.

ಎಪ್ಪತ್ತು ಒಳ್ಳೆಯ ಉತ್ತರ. ಯಾರಿಗೂ ಬೇಡದ ಉತ್ತರ ಬಂದಿದೆ ಎಂದರೆ ತಕ್ಕಡಿ ಸರಿಯಾಗಿದೆ ಎಂದರ್ಥ.

ಅವಸರದಲ್ಲಿ ಓಡಿ ಬರಬೇಡ. ಕೆಲಸ ಕಾಯಂ ಮಾಡಿಸಿಕೊಂಡು ಬಾ.

ನಿನ್ನ ಅಕ್ಕ


ಆಗಸ್ಟ್ 4

ಗುಬ್ಬಿ,

ನಾನು, ಭಾವ. ಕಾಗದ ಬರೆದು ರೂಢಿ ಇಲ್ಲ, ತಪ್ಪಿದ್ರೆ ಹೊಂದಿಸ್ಕೊಂಡು ಓದು. ನಿಮ್ಮಕ್ಕನಿಗೆ ಹೇಳದೆ ಬರೀತಿದೀನಿ. ಗೇಟಿನ ಫೋನಲ್ಲಿ ಎಲ್ಲರೆದುರಿಗೆ ಹೇಳೋ ಮಾತಲ್ಲ ಇದು.

ಅವಳು ನಿನಗೆ ಏನು ಬರೆದಿದಾಳೆ ಅಂತ ನಂಗೊತ್ತು, ಪೋಸ್ಟ್ ಮಾಡಿದ್ದು ನಾನೇ, ಓದಿದೆ. ಅದು ನಿಜ ಅಲ್ಲ. ಡಾಕ್ಟರು ಹೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. "ಮಾರ್ಚಲ್ಲಿ ಕಡಲೆಕಾಳಿನಷ್ಟಿತ್ತು, ಕೊಯ್ದು ತೆಗೆದಿದ್ರೆ ಮುಗೀತಿತ್ತು, ಇಷ್ಟು ದಿನ ಯಾಕೆ ಬರ್ಲಿಲ್ಲ?" ಅಂತ ಕೇಳಿದ್ರು. ಇವಳು "ಕೆಲಸ ಜಾಸ್ತಿ ಇತ್ತು" ಅಂದ್ಲು.

ಆಸ್ಪತ್ರೆಗೆ ಬಟ್ಟೆ ತರೋಕೆ ಅಂತ ಮನೆಗೆ ಹೋದಾಗ ಕಲ್ಲಿನ ಪೆಟ್ಟಿಗೆ ತೆಗೆದೆ. ನಿನ್ನ ಮಾರ್ಚ್ ಕಾಗದ ಅಲ್ಲೇ ಇತ್ತು. ತೆರೆಯಬೇಡ, ತಾಳಿದವನು ಬಾಳಿಯಾನು ಅಂತ. ಓದಿ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಸುಳ್ಳು ಯಾಕೆ ಹೇಳ್ಲಿ, ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಒಂದು ದಿನ ಪೂರ್ತಿ ಇತ್ತು. ಆಮೇಲೆ ಯೋಚನೆ ಮಾಡಿದೆ. ನೀನು ಬೆಟ್ಟದ ಮೇಲಿದ್ದೆ, ನಿನಗೆ ಗೊತ್ತಾಗ್ಲಿಲ್ಲ. ನಾನು ಅದೇ ಮನೇಲಿದ್ದು, ಅದೇ ಮಂಚದಲ್ಲಿ ಮಲಗಿ, ಸ್ಕಾರ್ಫ್ ನೋಡಿ ಫ್ಯಾಷನ್ನಾ ಅಂತ ಕೇಳ್ದೆ. ಯಾರ ಮೇಲೆ ಸಿಟ್ಟು ಮಾಡ್ಲಿ ಹೇಳು.

ಬೇಗ ಬಾ. ಡಾಕ್ಟರು ತಿಂಗಳ ಲೆಕ್ಕ ಹೇಳ್ತಿಲ್ಲ, ವಾರದ ಲೆಕ್ಕ ಹೇಳ್ತಿದಾರೆ.

ಒಂದೇ ಒಂದು ಕೇಳ್ಕೊಳ್ತೀನಿ. ನಿನಗೆ ನಿಜ ಗೊತ್ತು ಅಂತ ಅವಳಿಗೆ ಗೊತ್ತಾಗೋದು ಬೇಡ. ದಿನಕ್ಕೆ ನಾಲ್ಕು ಸಲ "ಗುಬ್ಬಿ ನಂಬಿರ್ತಾಳೆ ಅಲ್ವಾ?" ಅಂತ ನನ್ನೇ ಕೇಳ್ತಾಳೆ. ನೋವಿಗಿಂತ ಅದೇ ಅವಳಿಗೆ ನಿದ್ದೆ ಕೊಡ್ತಿಲ್ಲ.

ಭಾವ


ಆಗಸ್ಟ್ 11, ಸಂಜೆ ನಾಲ್ಕು, ನಿನ್ನ ವಾರ್ಡಿನ ಹೊರಗಿನ ಬೆಂಚು

ಅಕ್ಕಾ,

ಶನಿವಾರದ ಗಾಡಿಯಲ್ಲೇ ಇಳಿದು ಬಂದೆ. ನಿನಗೂ ನನಗೂ ನಡುವೆ ಈಗ ಒಂದು ಬಾಗಿಲು ಮಾತ್ರ. ಔಷಧ ಏರಿಸಿರುವುದರಿಂದ ಸೋಂಕು ತಗಲುತ್ತದೆಂದು ಬುಧವಾರದವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಜಗಳವಾಡಿದೆ, ಬೇಡಿಕೊಂಡೆ, ಕೊನೆಗೆ ಅತ್ತೇಬಿಟ್ಟೆ. ನರ್ಸಮ್ಮ ಪಾಪ, "ಒಂದು ಚೀಟಿ ಬರ್ದು ಕೊಡಿ, ನಾನು ಓದಿ ಹೇಳ್ತೀನಿ" ಎಂದರು. ಅದಕ್ಕೇ ಇದು. ಬಾಗಿಲು ತೆರೆದಾಗಲೆಲ್ಲ ನಿನ್ನ ಮಂಚದ ಕಾಲು ಕಾಣುತ್ತದೆ. ನಿನ್ನ ಪಾದ ಹೊದಿಕೆಯಿಂದ ಹೊರಗಿದೆ, ಮುಚ್ಚಿಕೋ.

ನಾನು ಚೆನ್ನಾಗಿದ್ದೇನೆ. ಭಾವ ಪಕ್ಕದಲ್ಲೇ ಕೂತಿದ್ದಾರೆ, ಅವರೂ ಚೆನ್ನಾಗಿದ್ದಾರೆ. ಮಧ್ಯಾಹ್ನ ಇಬ್ಬರೂ ಊಟ ಮಾಡಿದೆವು. ಕೆಲಸದ ಚಿಂತೆ ಬಿಡು, ಬೆತ್ತ ತಾವೇ ಗೇಟಿನವರೆಗೆ ಬಂದು ಕಳಿಸಿಕೊಟ್ಟರು. ಎರಡು ತಿಂಗಳ ರಜ ಎಂದು ಮೊದಲು ಬರೆದಿದ್ದೆನಲ್ಲ, ಈಗ ಎಷ್ಟು ದಿನವೆಂದು ಬರೆದೇ ಇಲ್ಲ. ನೀನು ಸಾಕು ಹೋಗು ಎನ್ನುವವರೆಗೆ ಇಲ್ಲೇ ಇರುತ್ತೇನೆ. ಅಕ್ಕಾ, ನಿನ್ನನ್ನು ಬಿಟ್ಟು ನನಗೆ ಯಾರಿದ್ದಾರೆ? ಅಮ್ಮನ ಮುಖ ನೆನಪಿಸಿಕೊಳ್ಳಲು ಹೋದರೆ ನನಗೆ ಬರುವುದು ನಿನ್ನದೇ ಮುಖ. ಇದನ್ನು ಎಂದೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಬೆಳಿಗ್ಗೆ ಡಾಕ್ಟರನ್ನು ಒಬ್ಬಳೇ ಹೋಗಿ ಕಂಡೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ನೇರವಾಗಿ ಕೇಳಿಬಿಟ್ಟೆ. ನೀನು ಬರೆದದ್ದನ್ನೇ ಅವರೂ ಹೇಳಿದರು: ಮಾರ್ಚ್‌ನಲ್ಲಿ ತೆರೆದಿದ್ದರೂ ಇಷ್ಟೇ, ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. ನನ್ನಾಣೆ, ಇದೇ ಮಾತು ಹೇಳಿದರು. ಅಲ್ಲಿಯವರೆಗೆ ಮನಸ್ಸಿನ ಮೂಲೆಯಲ್ಲಿ ಒಂದು ಚೂರು ಏನೋ ಇತ್ತು, ಈಗ ಅದೂ ಹೋಯಿತು.

ಮಾರ್ಚ್‌ನಲ್ಲಿ ನಾನು ನಿನಗೇನು ಬರೆದಿದ್ದೆನೋ, ನೆನಪೂ ಇಲ್ಲ. ಏನೋ ತಮಾಷೆ ಇರಬೇಕು. ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಭಾವನಿಗೆ ಹೇಳಿ ಬಿಸಾಡಿಸಿಬಿಡು.

ನಾನು ಸಮಾಧಾನವಾಗಿದ್ದೇನೆ, ಅಕ್ಕಾ. ನೀನು ನಿಶ್ಚಿಂತೆಯಾಗಿ ಮಲಗು.

ನಿನ್ನ ಗುಬ್ಬಿ